ಸ್ತ್ರೀವೇಷದ ಕಲಿಕೆ: ಮೇಳದ ಚೌಕಿಯಿಂದ ನಾಟಕ ಕಂಪನಿಯವರೆಗೆ

ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಕರ್ನಾಟಕದ ಬಯಲಾಟಗಳಲ್ಲಿ ಮತ್ತು ನಾಟಕ ಕಂಪನಿಗಳಲ್ಲಿ ಸೀತೆ, ದ್ರೌಪದಿ, ಚಂದ್ರಮತಿ, ಶಕುಂತಲೆಯರ ಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ವಹಿಸುತ್ತಿದ್ದರು. ರಂಗದವರ ಮಾತಿನಲ್ಲಿ ಸ್ತ್ರೀವೇಷ ಎನಿಸಿಕೊಂಡ ಈ ಪದ್ಧತಿಯ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಹೆಸರಾಂತ ಕೆಲವರ ರೂಪವನ್ನೂ ಕಂಠವನ್ನೂ ಹೊಗಳಿ ಸುಮ್ಮನಾಗುತ್ತವೆ. ಆದರೆ ಪದ್ಧತಿಯ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಹೆಸರಾಂತರಲ್ಲಿ ಅಲ್ಲ, ಮೊದಲ ಬಾರಿಗೆ ಸೀರೆಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಹೊಸಬನಲ್ಲಿ; ಅವನು ಏನನ್ನು ಕಲಿಯಬೇಕಾಗಿತ್ತು, ಯಾರಿಂದ ಕಲಿಯುತ್ತಿದ್ದ, ಕಲಿತದ್ದನ್ನು ಯಾವ ಅಳತೆಗೋಲಿನಿಂದ ಅಳೆಯಲಾಗುತ್ತಿತ್ತು ಎಂಬುದು ಒಂದೊಂದು ಕಾಲಕ್ಕೆ ಒಂದೊಂದು ರೀತಿಯಾಗಿ ಬದಲಾಗಿದೆ, ಸ್ತ್ರೀವೇಷದ ಏಳುಬೀಳುಗಳೂ ಆ ಬದಲಾವಣೆಯನ್ನೇ ಅನುಸರಿಸಿವೆ.

ಉಡುಪಿನ ವಿಷಯದಲ್ಲಿ ಹಿಂದಿನ ಹೊಸಬನಿಗೆ ಇಂದಿನವನಿಗಿಂತ ದಾರಿ ಸಲೀಸಾಗಿತ್ತು ಎಂಬುದನ್ನು ಮೊದಲಿಗೇ ಗಮನಿಸಬೇಕು. ಗಂಡಸಿನ ಪಂಚೆಯೂ ಹೆಂಗಸಿನ ಸೀರೆಯೂ ಹೊಲಿಗೆಯಿಲ್ಲದ ಬಟ್ಟೆಗಳೇ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಹೆಂಗಸರು ಕಚ್ಚೆ ಹಾಕಿಯೇ ಸೀರೆ ಉಡುತ್ತಿದ್ದುದರಿಂದ ಕಚ್ಚೆಪಂಚೆಗೂ ಕಚ್ಚೆಸೀರೆಗೂ ಇದ್ದ ಅಂತರ ಉದ್ದ, ಬಣ್ಣ, ಅಂಚು ಮತ್ತು ಸೆರಗಿನದಷ್ಟೇ ಆಗಿತ್ತು. ಗಂಡುಮಕ್ಕಳಿಗೂ ಕಿವಿ ಚುಚ್ಚಿಸುವ ಸಂಸ್ಕಾರವಿತ್ತು, ಬೆಳೆದ ಗಂಡಸರು ಒಂಟಿ, ಹತ್ತಕಡಕುಗಳಂಥ ಕಿವಿಯಾಭರಣಗಳನ್ನೂ ಕೈಗೆ ಕಡಗವನ್ನೂ ತೊಡುತ್ತಿದ್ದರು. ತಲೆಯ ಮುಂಭಾಗವನ್ನು ಬೋಳಿಸಿ ಹಿಂದೆ ಉದ್ದ ಜುಟ್ಟು ಬಿಡುವುದು ಹಲವು ಜಾತಿಗಳಲ್ಲಿ ರೂಢಿಯಾಗಿದ್ದ ಕಾರಣ, ಆ ಜುಟ್ಟಿಗೆ ಒಂದಿಷ್ಟು ಚವರಿ, ಅಂದರೆ ಸೇರಿಸಿ ಕಟ್ಟುವ ಕೂದಲ ಎಳೆ, ಕೂಡಿಸಿದರೆ ತುರುಬು ಸಿದ್ಧವಾಗುತ್ತಿತ್ತು. ಕ್ರಾಪು, ಷರಟು, ಷರಾಯಿಗಳು ಪೇಟೆಯ ಗಂಡಸಿನ ಗುರುತಾದ ಮೇಲೆಯೇ ಹೆಣ್ಣಿನ ಉಡುಗೆಗೂ ಗಂಡಿನ ಉಡುಗೆಗೂ ನಡುವೆ ಇಂದು ಕಾಣುವಷ್ಟು ದೊಡ್ಡ ಕಂದಕ ಬಿದ್ದದ್ದು. ಹೀಗಾಗಿ ಹಿಂದಿನ ಹೊಸಬನಿಗೆ ಕಷ್ಟವಾಗುತ್ತಿದ್ದುದು ಸೀರೆ ಉಡುವುದಲ್ಲ, ಉಟ್ಟ ಮೇಲೆ ನಡೆಯುವುದು, ಕೂರುವುದು, ತಿರುಗುವುದು, ಮಾತಾಡುವುದು.

ಶಾಸ್ತ್ರದಲ್ಲಿಯೂ ಸ್ತ್ರೀವೇಷಕ್ಕೆ ಸ್ಥಾನವಿತ್ತು. ಭರತನ ನಾಟ್ಯಶಾಸ್ತ್ರವು ಪಾತ್ರಧಾರಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ನಟನ ಲಿಂಗ ಮತ್ತು ವಯಸ್ಸು ಪಾತ್ರಕ್ಕೆ ಹೊಂದಿಕೊಂಡಿದ್ದರೆ ಅನುರೂಪ, ಬಾಲಕನು ಮುದುಕನ ಪಾತ್ರವನ್ನೋ ಮುದುಕನು ಬಾಲಕನ ಪಾತ್ರವನ್ನೋ ಮಾಡಿದರೆ ವಿರೂಪ, ಗಂಡು ಹೆಣ್ಣಾಗಿ ಅಥವಾ ಹೆಣ್ಣು ಗಂಡಾಗಿ ಕಾಣಿಸಿಕೊಂಡರೆ ರೂಪಾನುರೂಪ. ಇದೇ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಲಾಲಿತ್ಯಪ್ರಧಾನವಾದ ಕೈಶಿಕೀ ವೃತ್ತಿಯನ್ನು ಗಂಡಸರಷ್ಟೇ ಸೇರಿ ಪ್ರಯೋಗಿಸಲಾಗದೆಂದು ಭರತನು ಬ್ರಹ್ಮನಲ್ಲಿ ಹೇಳಿಕೊಳ್ಳುವ, ಬ್ರಹ್ಮನು ಅದಕ್ಕಾಗಿಯೇ ಅಪ್ಸರೆಯರನ್ನು ಸೃಷ್ಟಿಸುವ ಕಥೆಯೂ ಇದೆ. ಒಂದು ಕಡೆ ಅನುಮತಿ, ಇನ್ನೊಂದು ಕಡೆ ಅನುಮಾನ. ಮುಂದಿನ ಶತಮಾನಗಳಲ್ಲಿ ಸ್ತ್ರೀವೇಷದ ಬಗ್ಗೆ ನಡೆದ ವಾದಗಳೆಲ್ಲ ಈ ಎರಡರ ನಡುವೆಯೇ ಓಡಾಡಿವೆ.

ಕನ್ನಡದ ಮಟ್ಟಿಗೆ ಪದ್ಧತಿಯ ಅತ್ಯಂತ ಗಟ್ಟಿಯಾದ ನೆಲೆ ಕರಾವಳಿಯ ಯಕ್ಷಗಾನ. ಯಕ್ಷಗಾನ ಪ್ರಸಂಗಗಳ, ಅಂದರೆ ಆಟಕ್ಕೆ ಆಧಾರವಾದ ಪದ್ಯಕೃತಿಗಳ, ಹಳೆಯ ಹಸ್ತಪ್ರತಿಗಳಲ್ಲಿ ಪ್ರಮುಖವಾದದ್ದೆಂದು ವಿದ್ವಾಂಸರು ಗುರುತಿಸುವುದು 1564ರ ಕಾಲದ್ದೆನ್ನಲಾದ, ಅಜಪುರದ, ಎಂದರೆ ಇಂದಿನ ಬ್ರಹ್ಮಾವರದ, ವಿಷ್ಣು ಎಂಬ ಕವಿಯ ವಿರಾಟಪರ್ವವನ್ನು. ಅರ್ಜುನನು ಬೃಹನ್ನಳೆಯಾಗಿ ವಿರಾಟನ ಅರಮನೆಯಲ್ಲಿ ಉತ್ತರೆಗೆ ನೃತ್ಯ ಕಲಿಸುವ ಕಥೆಯೇ ಇಷ್ಟು ಹಳೆಯ ಪ್ರಸಂಗದ ವಸ್ತುವಾಗಿರುವುದು ಕಾಕತಾಳೀಯವೇ ಇರಬಹುದು. ಆದರೂ ಗಾಂಡೀವ ಹಿಡಿದು ಜಡ್ಡುಗಟ್ಟಿದ ತೋಳುಗಳನ್ನು ಬಳೆಗಳಲ್ಲಿ ಮರೆಸಿಕೊಳ್ಳಬೇಕಾಗಿ ಬಂದ ಆ ವೀರನಿಗಿಂತ ಸ್ತ್ರೀವೇಷಕ್ಕೆ ಹೊಸಬನಾದವನ ಕಷ್ಟವನ್ನು ಚೆನ್ನಾಗಿ ತೋರಿಸುವ ಪಾತ್ರ ಭಾರತಕಥೆಯಲ್ಲಿ ಬೇರೊಂದಿಲ್ಲ.

ಮೇಳವೆಂದರೆ ಮಳೆಗಾಲ ಕಳೆದ ಮೇಲೆ ಹೊರಟು ಮುಂದಿನ ಮಳೆ ಹಿಡಿಯುವವರೆಗೆ ಊರಿಂದೂರಿಗೆ ತಿರುಗುತ್ತ ರಾತ್ರಿಯಿಡೀ ಆಟ ಆಡುವ ತಂಡ. ತುಳುನಾಡಿನ ಮೇಳಗಳು ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು ಈಗಲೂ ನಡೆದುಬಂದ ಕಟ್ಟಳೆ. ಮೇಳ ಸೇರಿದ ಹುಡುಗನಿಗೆ ಪ್ರತ್ಯೇಕ ಪಾಠಶಾಲೆಯೆಂಬುದು ಇರಲಿಲ್ಲ. ಪೂರ್ವರಂಗವೇ ಅವನ ಶಾಲೆ. ಪೂರ್ವರಂಗ ಅಥವಾ ಸಭಾಲಕ್ಷಣವೆಂದರೆ ಅಂದಿನ ಕಥೆ ಶುರುವಾಗುವ ಮೊದಲು, ಜನ ಸೇರುತ್ತಿರುವ ಹೊತ್ತಿನಲ್ಲಿ ನಡೆಯುವ ಕುಣಿತಗಳ ಸರಣಿ. ಮೊದಲು ಬರುವವರು ಕೋಡಂಗಿಗಳು, ಸರಳವಾದ ಉಡುಗೆಯಲ್ಲಿ ತಾಳಕ್ಕೆ ಹೆಜ್ಜೆ ಹಾಕಲು ಯತ್ನಿಸುವ ಚಿಕ್ಕ ಹುಡುಗರು. ಆಮೇಲೆ ಬಲರಾಮ ಕೃಷ್ಣರ ಜೋಡಿಯಾದ ಬಾಲಗೋಪಾಲರು. ಅವರ ಬಳಿಕ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಪೀಠಿಕಾ ಸ್ತ್ರೀವೇಷವೆಂದೂ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಮುಖ್ಯ ಸ್ತ್ರೀವೇಷವೆಂದೂ ಹೆಸರಾದ ಲಾಸ್ಯದ ಕುಣಿತ. ತೆಂಕಿನ ಪೂರ್ವರಂಗದಲ್ಲಿ ಅರ್ಧ ಗಂಡು ಅರ್ಧ ಹೆಣ್ಣಿನ ಅರ್ಧನಾರೀಶ್ವರ ವೇಷವೂ ಸೇರಿತ್ತು. ಈ ಹಂತಗಳನ್ನು ದಾಟಿದ ಮೇಲೆಯೇ ಅಭಿಮನ್ಯು, ಬಬ್ರುವಾಹನರಂಥ ತರುಣ ವೀರರ ಪುಂಡುವೇಷ, ಅಲ್ಲಿಂದ ಮುಂದೆ ರಾಜವೇಷ, ರಾಕ್ಷಸಪಾತ್ರಗಳ ಬಣ್ಣದ ವೇಷ.

ಈ ಕ್ರಮದ ಅರ್ಥವೇನೆಂದರೆ, ಮುಂದೆ ಭೀಮನಾಗಿಯೋ ರಾವಣನಾಗಿಯೋ ಹೆಸರು ಮಾಡಬೇಕಾದವನೂ ಹದಿಹರೆಯದಲ್ಲಿ ಒಮ್ಮೆ ಸೀರೆಯುಟ್ಟು ರಂಗಕ್ಕೆ ಬಂದವನಾಗಿರುತ್ತಿದ್ದ. ಸ್ತ್ರೀವೇಷ ಒಂದು ತರಗತಿಯಾಗಿತ್ತು, ಅದನ್ನು ದಾಟಿಹೋಗುವುದು ಹೆಚ್ಚಿನವರ ಪಾಡು, ಅಲ್ಲಿಯೇ ನಿಂತುಬಿಡುವುದು ಕೆಲವರ ಒಲವು ಅಥವಾ ಭಾಗ್ಯ. ಮೈ ಇನ್ನೂ ತುಂಬದ, ಮೀಸೆ ಮೂಡದ, ಗಂಟಲು ಆಗತಾನೇ ಒಡೆಯುತ್ತಿರುವ ಹುಡುಗನಿಗೆ ಈ ವೇಷ ಒಪ್ಪುತ್ತದೆ ಎಂಬ ಅನುಕೂಲದ ಲೆಕ್ಕವೂ ಇದರ ಹಿಂದೆ ಇತ್ತು, ಲಾಸ್ಯ ತಿಳಿದವನ ತಾಂಡವಕ್ಕೆ ಹದ ಇರುತ್ತದೆ ಎಂಬ ರಂಗದ ತಿಳಿವಳಿಕೆಯೂ ಇತ್ತು. ಅದಕ್ಕಿಂತ ಮುಖ್ಯವಾಗಿ, ಎಲ್ಲರೂ ಹಾದುಬಂದ ಹಂತವಾದ್ದರಿಂದ ಹೊಸಬನು ತನ್ನ ಓರಗೆಯವರ ನಡುವೆ ವಿಚಿತ್ರವೆನಿಸುತ್ತಿರಲಿಲ್ಲ. ಊರ ಹುಡುಗರ ಕೀಟಲೆ ಇದ್ದಿರಲಾರದೆಂದು ಹೇಳಲು ಬಾರದು. ಆದರೆ ಚೌಕಿಯೊಳಗೆ, ಎಂದರೆ ವೇಷ ಕಟ್ಟುವ ಬಣ್ಣದ ಮನೆಯೊಳಗೆ, ಸೀರೆ ಉಡುವುದು ಕಿರೀಟ ಕಟ್ಟುವುದರಷ್ಟೇ ಸಹಜವಾದ ಕೆಲಸವಾಗಿತ್ತು.

ಚೌಕಿಯಲ್ಲಿ ಕಲಾವಿದರು ಕೂರುವ ಜಾಗ ವೇಷದ ದರ್ಜೆಗೆ ತಕ್ಕಂತೆ ನಿಗದಿಯಾಗಿರುತ್ತದೆ, ನಡುವೆ ಗಣಪತಿಯ ಪೂಜೆಯಾಗದೆ ಯಾರೂ ರಂಗಕ್ಕೆ ಹೊರಡುವುದಿಲ್ಲ. ಹೊಸಬನು ಮುಖಕ್ಕೆ ಬಣ್ಣದ ಲೇಪ ಹಚ್ಚಿ, ಹುಬ್ಬು ತೀಡಿ, ಕಣ್ಣಿಗೆ ಕಾಡಿಗೆಯ ಗೆರೆ ಎಳೆದು, ತುಟಿಗೆ ಕೆಂಪು ತಾಗಿಸಿ, ಮುಡಿ ಕಟ್ಟಿಕೊಳ್ಳುವಷ್ಟನ್ನು ಹಿರಿಯರ ಪಕ್ಕದಲ್ಲಿ ಕೂತು ನೋಡಿಯೇ ಕಲಿಯುತ್ತಿದ್ದ. ಬಣ್ಣದ ವೇಷದ ಚಿಟ್ಟಿಗಳನ್ನು, ಅಂದರೆ ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಇಡುವ ಬಿಳಿಯ ಮುಳ್ಳುಗಳನ್ನು, ಕೂರಿಸಲು ತಾಸುಗಟ್ಟಲೆ ಬೇಕಾಗುವಾಗ ಸ್ತ್ರೀವೇಷದ ಬಣ್ಣಗಾರಿಕೆ ಬೇಗ ಮುಗಿಯುತ್ತದೆ. ಆದರೆ ಬಣ್ಣದ ವೇಷಕ್ಕೆ ಮುಖದ ಹಿಂದೆ ಅಡಗಿಕೊಳ್ಳುವ ಅವಕಾಶವಿದ್ದರೆ ಸ್ತ್ರೀವೇಷಕ್ಕೆ ಅದಿಲ್ಲ. ಹೆಜ್ಜೆಯ ಅಳತೆ ಚಿಕ್ಕದಾಗಬೇಕು, ಮೊಣಕೈ ಮೈಯಿಂದ ದೂರ ಸರಿಯಬಾರದು, ನೋಟ ಎದುರಿನವನ ಕಣ್ಣಿಗೆ ನೇರವಾಗಿ ತಾಗದೆ ಇಳಿಯಬೇಕು, ಅರ್ಥಗಾರಿಕೆಯಲ್ಲಿ, ಅಂದರೆ ಭಾಗವತರು ಹಾಡಿದ ಪದ್ಯಕ್ಕೆ ಆ ಕ್ಷಣದಲ್ಲಿ ಹೊಳೆಸಿ ಆಡುವ ಮಾತಿನಲ್ಲಿ, ಧ್ವನಿಯನ್ನು ಕೀರಲಾಗಿಸದೆ ಮೃದುಗೊಳಿಸಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಇದರಲ್ಲಿ ಸೋತು ನಗೆಪಾಟಲಾದವರು ಹಾಸ್ಯಕ್ಕೆ ಹೊರಳುವುದೂ ಇತ್ತು.

ಸ್ತ್ರೀವೇಷವೆಂಬುದು ಒಂದೇ ವೇಷವೂ ಅಲ್ಲ. ದಾಕ್ಷಾಯಿಣಿ, ಚಂದ್ರಮತಿ, ದಮಯಂತಿಯರು ಗರತಿಯರ ಸಾಲಿಗೆ, ಮೇನಕೆ, ಮೋಹಿನಿಯರು ಶೃಂಗಾರದ ಸಾಲಿಗೆ ಸೇರುತ್ತಾರೆ. ರಾಕ್ಷಸಿಯು ಚೆಲುವೆಯ ರೂಪ ತಾಳಿದ ಮಾಯಾ ಶೂರ್ಪನಖಿಯಂಥವರನ್ನು ಸ್ತ್ರೀವೇಷಧಾರಿಯೇ ಮಾಡಿದರೆ, ಅದೇ ಶೂರ್ಪನಖಿಯ ನಿಜರೂಪ ಹೆಣ್ಣುಬಣ್ಣವೆಂಬ ಹೆಸರಿನಲ್ಲಿ ಬಣ್ಣದ ವೇಷದವನ ಪಾಲು. ಇವೆಲ್ಲಕ್ಕಿಂತ ಕುತೂಹಲದ್ದು ಕಸೆ ಸ್ತ್ರೀವೇಷ. ಕಸೆಯೆಂದರೆ ಸೀರೆಯನ್ನು ಕಾಲುಗಳ ನಡುವೆ ಹಾಯಿಸಿ ಹಿಂದಕ್ಕೆ ಬಿಗಿದು ಕಟ್ಟುವ ಕ್ರಮ. ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿಯರಂಥ ಯುದ್ಧ ಮಾಡುವ ರಾಣಿಯರಿಗೆ ಈ ಕಟ್ಟು, ಜೊತೆಗೆ ಕಿರೀಟ, ಕೈಯಲ್ಲಿ ಬಿಲ್ಲುಬಾಣ. ಸ್ತ್ರೀರಾಜ್ಯದ ಒಡತಿ ಪ್ರಮೀಳೆ ಅಶ್ವಮೇಧದ ಕುದುರೆಯ ಬೆನ್ನಿಗೆ ಬಂದ ಅರ್ಜುನನೊಡನೆ ಕಾದುವಾಗ ರಂಗದ ಮೇಲೆ ಇರುವುದು ಗಂಡಸಿನ ಉಡುಗೆ ತೊಟ್ಟ ಹೆಣ್ಣಿನ ಪಾತ್ರವನ್ನು ಧರಿಸಿದ ಗಂಡಸು. ಪುಂಡುವೇಷದ ಬಿರುಸನ್ನೂ ಸ್ತ್ರೀವೇಷದ ಕುಸುರಿಯನ್ನೂ ಒಂದೇ ಮೈಯಲ್ಲಿ ಹಿಡಿಯಬೇಕಾದ ಇಲ್ಲಿ ಯಾವುದು ಒಂದು ಗುಂಜಿ ಹೆಚ್ಚಾದರೂ ಪಾತ್ರ ಕೆಡುತ್ತದೆ. ಗಂಡು ಹೆಣ್ಣುಗಳ ಉಡುಗೆಯ ಗಡಿಯನ್ನು ಮಸುಕುಗೊಳಿಸುವ ಕಲೆ ಕನ್ನಡ ರಂಗದಲ್ಲಿ ತಲುಪಿದ ಅತ್ಯಂತ ಸೂಕ್ಷ್ಮವಾದ ನೆಲೆ ಇದೇ ಎನ್ನಬಹುದು.

ಇಲ್ಲಿ ಒಂದು ಮಾತನ್ನು ಬೇರೆಯಾಗಿಯೇ ಇಡುವುದು ಒಳಿತು. ಬೆಂಗಳೂರಿನ ಧರ್ಮರಾಯಸ್ವಾಮಿ ದೇವಸ್ಥಾನದ ಕರಗದಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ವಹ್ನಿಕುಲದ ತಿಗಳ ಸಮುದಾಯದ ಅರ್ಚಕರು ಅರಿಸಿನ ಬಣ್ಣದ ಸೀರೆ, ಬಳೆ, ಮಾಂಗಲ್ಯ, ಮಲ್ಲಿಗೆಗಳನ್ನು ಧರಿಸಿ ದ್ರೌಪದಿಯ ಶಕ್ತಿಯನ್ನು ಹೊರುತ್ತಾರೆ; ಸವದತ್ತಿಯ ಎಲ್ಲಮ್ಮನ ಭಕ್ತರಾದ ಜೋಗಪ್ಪಗಳು ದೇವಿಯ ಕರೆಯೆಂದು ನಂಬಿ ಬದುಕಿಡೀ ಸೀರೆ ಉಡುತ್ತಾರೆ. ಮೊದಲನೆಯದು ವ್ರತ, ಎರಡನೆಯದು ಬದುಕು. ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಪಂಚೆ ಉಡುವ ವೇಷಧಾರಿಯ ಕಸುಬನ್ನು ಇವುಗಳೊಡನೆ ಬೆರೆಸಿ ಮಾತಾಡಿದರೆ ಮೂರಕ್ಕೂ ಅನ್ಯಾಯವಾಗುತ್ತದೆ.

ಸ್ತ್ರೀವೇಷದ ಅಳತೆಗೋಲು ಬದಲಾದ ಕಥೆ ಮೇಳದಿಂದಲೇ ಆರಂಭವಾಗುವುದು ಸ್ವಾರಸ್ಯಕರ. 1842ರಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು, ಹೊನ್ನಾವರದ ಬಳಿಯ ಕರ್ಕಿಯದೆಂದು ಕನ್ನಡ ವಿದ್ವಾಂಸರು ಗುರುತಿಸುವ ತಂಡ, ಸಾಂಗ್ಲಿಯ ಸಂಸ್ಥಾನದಲ್ಲಿ ಆಟವಾಡಿತು. ಅದನ್ನು ನೋಡಿದ ಸಾಂಗ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಿತ ವಿಷ್ಣುದಾಸ ಭಾವೆಯವರಿಂದ ಮರಾಠಿಯಲ್ಲಿ ಅಂಥದೊಂದನ್ನು ಮಾಡಿಸಲು ಬಯಸಿದ ಫಲವಾಗಿ 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅಲ್ಲಿಂದ ಬೆಳೆದ ಮರಾಠಿ ರಂಗಭೂಮಿಗೆ 1880ರಲ್ಲಿ ‘ಶಾಕುಂತಲ’ದ ಮೂಲಕ ಸಂಗೀತ ನಾಟಕದ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆದರೆ ಬಯಲಿನಿಂದ ಪರದೆಯ ರಂಗಕ್ಕೆ, ದೀವಟಿಗೆಯಿಂದ ಗ್ಯಾಸ್‌ಲೈಟಿಗೆ ಬಂದ ಸ್ತ್ರೀಪಾತ್ರದಿಂದ ಪ್ರೇಕ್ಷಕರು ನಿರೀಕ್ಷಿಸಿದ್ದು ಬೇರೆ: ಲಕ್ಷಣಬದ್ಧವಾದ ವೇಷವಲ್ಲ, ಮೂರನೆಯ ಸಾಲಿನಿಂದ ನೋಡಿದರೂ ಹೆಣ್ಣೆಂದೇ ನಂಬಿಸುವ ರೂಪ.

ಆ ನಿರೀಕ್ಷೆಯನ್ನು ತುದಿಮುಟ್ಟಿಸಿದವರು ಬಾಲಗಂಧರ್ವರೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸರು (1888–1967). 1905ರ ಸುಮಾರಿಗೆ ಕಿರ್ಲೋಸ್ಕರ ಮಂಡಳಿ ಸೇರಿ, 1913ರಲ್ಲಿ ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದ ಅವರ ಪ್ರಭಾವ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಸಂಗೀತಪ್ರಿಯರ ಮೇಲೆ ಮರಾಠಿಗರ ಮೇಲಿನಷ್ಟೇ ಇತ್ತು. ಅವರು ಸೀರೆಯ ಸೆರಗು ಹೊದೆಯುತ್ತಿದ್ದ ರೀತಿ, ಮುಡಿಗೆ ಹೂ ಮುಡಿಯುತ್ತಿದ್ದ ಬಗೆ, ನತ್ತು ಇಡುತ್ತಿದ್ದ ಅಂದಗಳನ್ನು ಮಧ್ಯಮವರ್ಗದ ಹೆಂಗಸರು ನೋಡಿ ಅನುಕರಿಸಿದರು. ಗಂಡಸು ಹೆಣ್ಣನ್ನು ನೋಡಿ ಕಲಿತ ಉಡುಗೆ ತಿರುಗಿ ಹೆಣ್ಣಿಗೆ ಮಾದರಿಯಾದದ್ದು ಈ ಇಡೀ ಚರಿತ್ರೆಯ ವಿಲಕ್ಷಣ ತಿರುವು. ಬೆಲೆಬಾಳುವ ಸೀರೆ, ಅತ್ತರು, ರಂಗಸಜ್ಜಿಕೆಗಳಿಗೆ ಅವರು ಮಾಡಿದ ವೆಚ್ಚ ಕಂಪನಿಯನ್ನು ಸಾಲಕ್ಕೆ ತಳ್ಳಿತು ಎಂಬುದೂ ಅಷ್ಟೇ ನಿಜ. ಇದೇ ಕಾಲದ ಗುಜರಾತಿ ರಂಗಭೂಮಿಯಲ್ಲಿ 1901ರ ‘ಸೌಭಾಗ್ಯ ಸುಂದರಿ’ ನಾಟಕದ ಪಾತ್ರದಿಂದ ಸುಂದರಿಯೆಂಬ ಹೆಸರೇ ಅಂಟಿಕೊಂಡ ಜಯಶಂಕರರು ತಮ್ಮ ಆತ್ಮಕಥೆಯಲ್ಲಿ, ಹುಡುಗನಾಗಿ ಮೊದಲ ಸಲ ಹೆಣ್ಣುಡುಗೆ ತೊಟ್ಟು ಕನ್ನಡಿ ನೋಡಿದಾಗ ತಮ್ಮೊಳಗಿನಿಂದಲೇ ಒಬ್ಬ ತರುಣಿ ಮೂಡಿ ಬಂದಂತೆ ಅನಿಸಿತೆಂದು ಬರೆದುಕೊಂಡಿದ್ದಾರೆ. ಮೇಳದ ಹುಡುಗನ ಕಲಿಕೆಯಲ್ಲಿ ಕನ್ನಡಿ ಬಣ್ಣಗಾರಿಕೆಯ ಸಲಕರಣೆಯಷ್ಟೇ. ಕಂಪನಿಯ ಹುಡುಗನಿಗೆ ಅದೇ ಗುರುವಾಗಿಬಿಟ್ಟಿತು.

ಕನ್ನಡದ ಕಂಪನಿಗಳು ಈ ಮಾದರಿಯ ಎದುರಿಗೇ ಕಣ್ಣುಬಿಟ್ಟವು. ಗದುಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಶಾಂತಕವಿಗಳೆಂಬ ಹೆಸರಿನಿಂದ ಪ್ರಸಿದ್ಧರಾದವರು, 1870ರ ದಶಕದಲ್ಲಿ ‘ಉಷಾಹರಣ’ ಮೊದಲಾದ ನಾಟಕಗಳನ್ನು ಬರೆದು ತಂಡ ಕಟ್ಟಿದ್ದು ಮರಾಠಿ ನಾಟಕಗಳ ಅಬ್ಬರಕ್ಕೆ ಉತ್ತರವಾಗಿ, ಮೈಸೂರಿನಲ್ಲಿ ಅರಮನೆಯ ಆಶ್ರಯದ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಬಸವಪ್ಪಶಾಸ್ತ್ರಿಗಳ ‘ಶಾಕುಂತಲ’ವನ್ನು ಆಡಿತು, 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಇವುಗಳಲ್ಲೆಲ್ಲ ಆರಂಭದ ಶಕುಂತಲೆಯರೂ ಉಷೆಯರೂ ಹುಡುಗರೇ. 1914ರಲ್ಲಿ ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ ಹುಟ್ಟಿ, ಮುಂದೆ ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಪರಿಚಿತರಾದ ಏಣಗಿ ಬಾಳಪ್ಪನವರ ರಂಗಜೀವನವೂ ಎಳವೆಯಲ್ಲಿ ಸ್ತ್ರೀಪಾತ್ರಗಳಿಂದಲೇ ಶುರುವಾದದ್ದು. ಹುಡುಗನ ದನಿ ಒಡೆಯುವವರೆಗೆ ಅವನು ಕಂಪನಿಗೆ ಬಂಗಾರ, ಒಡೆದ ಮೇಲೆ ಏನಾಗುತ್ತಾನೆಂಬುದು ಅವನ ಹಣೆಬರಹ. ಮೇಳದಲ್ಲಿ ಪುಂಡುವೇಷವೆಂಬ ಮುಂದಿನ ಮೆಟ್ಟಿಲು ಕಾದಿರುತ್ತಿತ್ತು, ಕಂಪನಿಯಲ್ಲಿ ಅಂಥ ಭರವಸೆ ಇರಲಿಲ್ಲ.

ಹೆಂಗಸರೇ ಏಕೆ ರಂಗಕ್ಕೆ ಬರಲಿಲ್ಲ ಎಂಬುದಕ್ಕೆ ತಿರುಗಾಟದ ಕಷ್ಟ, ರಾತ್ರಿಯ ಆಟ, ಬಯಲಿನ ವಾಸಗಳನ್ನು ಕಾರಣವಾಗಿ ಹೇಳುವುದುಂಟು. ಅವು ಸುಳ್ಳಲ್ಲ, ಆದರೆ ಸಾಲವು. ಹಾಡುವ, ಕುಣಿಯುವ ಹೆಂಗಸರು ದೇವಸ್ಥಾನ, ಅರಮನೆಗಳಲ್ಲಿ ತಲೆತಲಾಂತರದಿಂದ ಇದ್ದೇ ಇದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಸುಧಾರಕರ ಕಣ್ಣಿಗೆ ಅವರು ಕಳಂಕವಾಗಿ ಕಂಡರು, ಮೈಸೂರು ಸರ್ಕಾರ 1909ರಲ್ಲಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಕುಣಿಯುವ ಹೆಣ್ಣನ್ನು ದೇವರ ಮುಂದಿನಿಂದ ಎಬ್ಬಿಸಿದ ಸಭ್ಯ ಸಮಾಜವೇ ಟಿಕೇಟು ಕೊಂಡು ಸೀರೆಯುಟ್ಟ ಗಂಡಸಿನ ಲಾಸ್ಯಕ್ಕೆ ಚಪ್ಪಾಳೆ ತಟ್ಟುತ್ತಿತ್ತು. ಸ್ತ್ರೀವೇಷದ ಸುವರ್ಣಯುಗವೆಂದು ಹಾಡಿಹೊಗಳುವಾಗ ಈ ಬೆಲೆಯನ್ನು ತೆತ್ತವರಾರು ಎಂಬುದನ್ನು ಬಿಟ್ಟುಬಿಡುವುದು ರಂಗಚರಿತ್ರೆಕಾರರ ಹಳೆಯ ಅಭ್ಯಾಸ.

ನಿಜದ ಹೆಣ್ಣಿನಂತೆ ಕಾಣಬೇಕೆಂಬುದೇ ಅಳತೆಗೋಲಾದ ಮೇಲೆ ನಿಜದ ಹೆಣ್ಣು ಬಂದ ದಿನ ಸ್ತ್ರೀಪಾತ್ರಧಾರಿಗೆ ನಿಲ್ಲಲು ನೆಲ ಉಳಿಯಲಿಲ್ಲ. ಸಿನಿಮಾದಲ್ಲಿಯೂ ಮೊದಲಿಗೆ ಇದೇ ಪದ್ಧತಿ: ದಾದಾಸಾಹೇಬ ಫಾಲ್ಕೆಯವರ 1913ರ ಮೂಕಚಿತ್ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವರು ಅಣ್ಣಾ ಸಾಳುಂಕೆ, 1917ರ ‘ಲಂಕಾದಹನ’ದಲ್ಲಿ ರಾಮ ಸೀತೆಯರಿಬ್ಬರೂ ಅವರೇ, ಆದರೆ ಕ್ಯಾಮೆರಾ ಮುಖದ ಹತ್ತಿರ ಹೋದಂತೆಲ್ಲ ಈ ಏರ್ಪಾಡು ಉಳಿಯುವಂಥದಾಗಿರಲಿಲ್ಲ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಸುಲೋಚನೆಯಾದವರು ತ್ರಿಪುರಾಂಬ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರು ಮುಂಚೂಣಿಗೆ ಬಂದರು. ಬಾಲಗಂಧರ್ವರ ಕಂಪನಿಯಲ್ಲೇ 1930ರ ದಶಕದ ಕೊನೆಯಲ್ಲಿ ನಾಯಕಿಯ ಪಾತ್ರಗಳಿಗೆ ಬಂದವರು ಬಾಗಲಕೋಟೆ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಹುಡುಗನಿದ್ದಾಗ ಸೀರೆಯುಟ್ಟ ಏಣಗಿ ಬಾಳಪ್ಪನವರು ಕಟ್ಟಿದ ಕಲಾವೈಭವ ನಾಟ್ಯಸಂಘದಲ್ಲಿಯೂ ಸೀರೆ ನಟಿಯರದೇ ಆಯಿತು. ಒಂದೇ ತಲೆಮಾರಿನೊಳಗೆ ಕಂಪನಿಯ ಸ್ತ್ರೀಪಾತ್ರಧಾರಿ ನೆನಪಾದ.

ಮೇಳದಲ್ಲಿ ಮಾತ್ರ ಹಾಗಾಗಲಿಲ್ಲ, ಆದರೆ ಮೇಳವೂ ಕಂಪನಿಯ ಗಾಳಿಯಿಂದ ಪೂರ್ತಿ ಪಾರಾಗಲಿಲ್ಲ. ರಾಜವೇಷ, ಬಣ್ಣದ ವೇಷಗಳು ತಮ್ಮ ಕಿರೀಟ, ಭುಜಕೀರ್ತಿಗಳನ್ನು ಹೆಚ್ಚು ಕಡಿಮೆ ಉಳಿಸಿಕೊಂಡರೂ ಸ್ತ್ರೀವೇಷ ಹಳೆಯ ಕಟ್ಟುಗಳನ್ನು ಬಿಟ್ಟು ನಾಟಕದ, ಆಮೇಲೆ ಸಿನಿಮಾದ ಸೀರೆ, ರವಿಕೆ, ಜಡೆಗಳನ್ನು ಎತ್ತಿಕೊಂಡಿತು; ಗಂಧರ್ವಲೋಕದ ರಾಜನ ಪಕ್ಕದಲ್ಲಿ ಪೇಟೆಯ ಹೆಂಗಸು ನಿಂತಂತೆ ಕಾಣುವ ಅಸಂಗತಿ ಹುಟ್ಟಿಕೊಂಡಿತು. 1957ರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ತಮ್ಮ ರಂಗಪ್ರಯೋಗಗಳಲ್ಲಿ ಸ್ತ್ರೀವೇಷಕ್ಕೆ ಉಳಿದ ವೇಷಗಳ ಬಣ್ಣ, ಭಾರಗಳಿಗೆ ಹೊಂದುವ ಉಡುಗೆಯನ್ನು ಹೊಸದಾಗಿ ರೂಪಿಸಲು ಹೊರಟದ್ದು ಇದೇ ಕಾರಣಕ್ಕೆ. ಅವರ ಪರಿಹಾರವನ್ನು ಎಲ್ಲರೂ ಒಪ್ಪಲಿಲ್ಲ, ರೋಗದ ಗುರುತು ಮಾತ್ರ ಸರಿಯಾಗಿತ್ತು. ಉಡುಗೆ ಹೀಗೆ ಬದಲಾದರೂ ತೆಂಕಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರಂಥವರು ಇಳಿವಯಸ್ಸಿನಲ್ಲೂ ದಾಕ್ಷಾಯಿಣಿ, ಚಂದ್ರಮತಿಯರನ್ನು ಮಾತಿನ ಘನತೆಯಿಂದಲೇ ಗೆಲ್ಲಿಸಬಲ್ಲವರಾಗಿದ್ದರು. ಅಲ್ಲಿ ಮುಖದ ಸುಕ್ಕು ಪಾತ್ರಕ್ಕೆ ಅಡ್ಡಿಯಾಗಲಿಲ್ಲ, ಏಕೆಂದರೆ ಪ್ರೇಕ್ಷಕನಿಗೆ ಬೇಕಾಗಿದ್ದುದು ಭ್ರಮೆಯಲ್ಲ. ಬಡಗಿನ ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ನಿರ್ದೇಶನದ ಏಕವ್ಯಕ್ತಿ ಯಕ್ಷಗಾನ ‘ಭಾಮಿನಿ’ಯಲ್ಲಿ ಅಷ್ಟನಾಯಿಕೆಯರ ಅವಸ್ಥೆಗಳನ್ನು ಒಬ್ಬರೇ ಅಭಿನಯಿಸಿ, ಸ್ತ್ರೀವೇಷ ಮೇಳದ ಕಥೆಯಿಂದ ಹೊರಗೂ ತನ್ನ ಕಾಲ ಮೇಲೆ ನಿಲ್ಲಬಲ್ಲದೆಂದು ತೋರಿಸಿದರು.

ಹೊಸಬನ ಕಲಿಕೆಗೆ ಈಗ ಬಂದಿರುವ ಸಂಕಟ ಬೇರೆ ಕಡೆಯಿಂದ ಬಂದದ್ದು. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳು ಕೆಲವೇ ಗಂಟೆಗಳ ಕಾಲಮಿತಿ ಪ್ರದರ್ಶನಗಳಾದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳು ಹಲವೆಡೆ ಹೆಸರಿಗಷ್ಟೇ ಉಳಿದವು ಅಥವಾ ಹಾಗೆಯೇ ಬಿದ್ದುಹೋದವು. ಉಡುಪಿಯ ಯಕ್ಷಗಾನ ಕೇಂದ್ರದಂಥ ತರಬೇತಿ ಸಂಸ್ಥೆಗಳಲ್ಲಿ ಹುಡುಗರು ಹೆಜ್ಜೆ, ತಾಳ, ಬಣ್ಣಗಾರಿಕೆಗಳನ್ನು ಕ್ರಮವಾಗಿ ಕಲಿಯುತ್ತಾರೆ, ಮೊದಲಿಗಿಂತ ಬೇಗನೆಯೂ ಕಲಿಯುತ್ತಾರೆ. ಹುಡುಗಿಯರೂ ಕಿರೀಟ ಕಟ್ಟಿ ಕೃಷ್ಣಾರ್ಜುನರಾಗಿ ಕುಣಿಯುವುದು ಈಗ ಸಾಮಾನ್ಯ. ಆದರೆ ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ, ಯಾರೂ ಸರಿಯಾಗಿ ನೋಡದ ಆ ಮೊದಲ ಜಾವದಲ್ಲಿ, ತಪ್ಪು ಹೆಜ್ಜೆ ಹಾಕುವ ಸ್ವಾತಂತ್ರ್ಯದೊಡನೆ ದಿನವೂ ಸೀರೆಯುಟ್ಟು ರಂಗಕ್ಕೆ ಬರುವ ಅವಕಾಶ ಹುಡುಗನಿಗೆ ಈಗ ಸಿಗುವುದು ಪೂರ್ವರಂಗವನ್ನು ಪೂರ್ತಿಯಾಗಿ ಉಳಿಸಿಕೊಂಡ ಕೆಲವೇ ಮೇಳಗಳಲ್ಲಿ. ಉಳಿದೆಡೆ ಅವನು ನೇರವಾಗಿ ಪ್ರಸಂಗದ ನಡುವಿಗೆ, ತುಂಬಿದ ಸಭೆಯೆದುರಿಗೆ, ಚಂದ್ರಮತಿಯಾಗಿಯೋ ಮೋಹಿನಿಯಾಗಿಯೋ ಬಂದು ನಿಲ್ಲಬೇಕಾಗಿದೆ.